ಹನ್ನೊಂದು ವರ್ಷದ ಮೇಲೆ ಮತ್ತೆ ಆಪರೇಷನ್ ಕೋಣೆಗೆ

ನಾನು ಅರಿವಳಿಕೆ ವೈದ್ಯೆಯಾಗಿದ್ದೆ. ಕಲಬುರಗಿ ಜನರ ಬಾಯಲ್ಲಿ 'ಬೇಹೋಷ್ ಮಾಡೋ ಡಾಕ್ಟರ್‌ಬಾಯಿ'. ಈಗ ನಿವೃತ್ತಳಾಗಿ ಇದೇ ಊರಿನ ಗಾಜಿಪುರ ಬಡಾವಣೆಯ ಮನೆಯಲ್ಲಿದ್ದೇನೆ. ಆಗಾಗ ಕೆಲಸ ಬಿಟ್ಟು ಮನೆಯಲ್ಲಿರುವ ಡಾಕ್ಟರ್ ಹುಡುಗಿಯರು ಫೋನ್ ಮಾಡುತ್ತಾರೆ. "ಮೇಡಂ, ಮಕ್ಕಳು ದೊಡ್ಡವ್ ಆದ್ವು, ಮತ್ತ ಕೆಲಸಕ್ಕ ಹೋಗ್ಬೇಕಂತ ಮಾಡೀನಿ, ಆಗ್ತದೇನ್ರಿ?" ಎನ್ನುತ್ತಾರೆ. ಫೋನಿನಲ್ಲಿ ಅರ್ಧ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇದರಲ್ಲಿ ಧೈರ್ಯ ತುಂಬುವ ಮಾತು ಕಡಿಮೆ. ನಡೆದದ್ದಷ್ಟೇ ಇದೆ.

ಓದು ಮುಗಿಸಿ ಕೆಲವು ವರ್ಷ ಕೆಲಸ ಮಾಡಿದ ಮೇಲೆ ನಾನು ಬಿಟ್ಟೆ. ಮಗನಿಗೆ ಉಬ್ಬಸವಿತ್ತು. ಅದೇ ಹೊತ್ತಿಗೆ ಮಾವನವರಿಗೆ ಲಕ್ವಾ ಹೊಡೆಯಿತು. ಆರು ತಿಂಗಳು ಮನೆಯಲ್ಲಿದ್ದು ಹೋಗೋಣವೆಂದುಕೊಂಡೆ. ಆ ಆರು ತಿಂಗಳು ಹನ್ನೊಂದು ವರ್ಷವಾಯಿತು. ಕೆಲಸ ಬಿಡು ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಮತ್ತೆ ಹೋಗು ಎಂದೂ ಯಾರೂ ಹೇಳಲಿಲ್ಲ. ನಮ್ಮ ಮನೆಯವರಿಗೆ ತೊಗರಿ ಬೇಳೆ ಮಿಲ್ಲು, ಅವರ ಲೋಕ ಅವರದು. ನನ್ನ ಮೇಲೆ ಜುಲುಮೆ ನಡೆಯಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಒಂದು ಕೆಲಸವಾದ ಮೇಲೆ ಇನ್ನೊಂದು ಬಂತು, ಅಷ್ಟೇ.

ಮಾವನವರು ತೀರಿಕೊಂಡ ಮರುವರ್ಷ, ಜಗತ್ ಸರ್ಕಲ್ ಹತ್ತಿರ ಒಂದು ಬಟ್ಟೆ ಅಂಗಡಿಯ ಮುಂದೆ ನನ್ನ ಸಹಪಾಠಿ ಮಲ್ಲಿಕಾರ್ಜುನ ಸಿಕ್ಕ. ಅವನು ಆಗ ಸರ್ಜನ್, ಸ್ವಂತ ನರ್ಸಿಂಗ್ ಹೋಮ್ ಇತ್ತು. ಆಟೋಗಳ ಗದ್ದಲದ ನಡುವೆ ನಿಂತೇ ಹೇಳಿದ: "ಬೇಹೋಷ್ ಮಾಡೋರು ಸಿಗವಲ್ರು ಅಂತ ನಾ ಕೇಸ್ ಮುಂದಕ್ಕ ಹಾಕಾಕತ್ತೀನಿ, ನೀವ್ ನೋಡಿದ್ರ ಆರಾಮ ಮನ್ಯಾಗ ಕುಂತೀರಿ. ಸೋಮವಾರ ಒಂದು ಅಪೆಂಡಿಕ್ಸ್ ಅದ. ಬಂದುಬಿಡ್ರಿ."

ನಾನು ಬಂದುಬಿಟ್ಟೆ. ಅದು ನನ್ನ ಮೊದಲ ಅವಿವೇಕ.

ನಾನು ಕಲಿತ ಕಾಲದಲ್ಲಿ ಆಪರೇಷನ್ ನಡೆಯುವಾಗ ರೋಗಿಯ ಕತ್ತಿನ ನಾಡಿಯ ಮೇಲೆ ಒಂದು ಬೆರಳು, ಉಸಿರಿನ ಚೀಲದ ಮೇಲೆ ಒಂದು ಕೈ, ತುಟಿಯ ಬಣ್ಣದ ಮೇಲೆ ಕಣ್ಣು. ಇಷ್ಟೇ ನಮ್ಮ ಉಪಕರಣ. ಹನ್ನೊಂದು ವರ್ಷದಲ್ಲಿ ಅದರ ಜಾಗಕ್ಕೆ ಮಾನಿಟರ್ ಬಂದಿತ್ತು. ಬೆರಳಿಗೆ ಒಂದು ಕ್ಲಿಪ್ ಹಾಕಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಪರದೆಯೇ ಹೇಳುತ್ತಿತ್ತು. ಸೋಮವಾರ ಆ ಪರದೆಯನ್ನೇ ನೋಡುತ್ತ ಕೂತೆ. ರೋಗಿ ಕಾಲೇಜು ಹುಡುಗಿ. ಮಲ್ಲಿಕಾರ್ಜುನ ಹೊಟ್ಟೆ ತೆರೆದಿದ್ದ. ಇದ್ದಕ್ಕಿದ್ದಂತೆ ಪರದೆಯ ಅಂಕಿ ಇಳಿಯತೊಡಗಿತು. ಆಮೇಲೆ ಅಂಕಿಯೇ ಮಾಯವಾಗಿ ಯಂತ್ರ ಕೂಗಿಕೊಳ್ಳತೊಡಗಿತು.

"ನಿಲ್ಲಸ್ರಿ! ಎಲ್ಲಾ ನಿಲ್ಲಸ್ರಿ!" ಎಂದು ಕಿರುಚಿದೆ. ಉಸಿರಾಟದ ಯಂತ್ರವನ್ನು ಬಿಚ್ಚಿ ಕೈಯಿಂದ ಚೀಲ ಒತ್ತಿ ಉಸಿರು ಕೊಡತೊಡಗಿದೆ. ಮಲ್ಲಿಕಾರ್ಜುನ ಗಾಯದ ಮೇಲೆ ಬಟ್ಟೆ ಹಾಕಿ ಕೈ ಎತ್ತಿ ನಿಂತ. ಅಷ್ಟರಲ್ಲಿ ನರ್ಸ್ ಬಗ್ಗಿ ನೆಲದಿಂದ ಏನನ್ನೋ ಎತ್ತಿ ತೋರಿಸಿದಳು. ಬೆರಳಿನ ಕ್ಲಿಪ್ ಜಾರಿ ಕೆಳಗೆ ಬಿದ್ದಿತ್ತು. ಹುಡುಗಿಯ ತುಟಿ ಗುಲಾಬಿಯಾಗಿತ್ತು, ನಾಡಿ ಗಟ್ಟಿಯಾಗಿತ್ತು.

ಮಲ್ಲಿಕಾರ್ಜುನ ಮಾಸ್ಕಿನೊಳಗಿಂದ ಕೇಳಿದ: "ಪೇಶಂಟ್ ಆರಾಮ ಅದಾರ್ರಿ ಡಾಕ್ಟ್ರೇ. ನೀವ್ ಆರಾಮ ಅದೀರಿ?"

ಎಲ್ಲರೂ ನಕ್ಕರು. ಆ ನಗೆ ನನ್ನನ್ನು ಅಷ್ಟಾಗಿ ನೋಯಿಸಲಿಲ್ಲ. ಹೆದರಿಸಿದ್ದು ಬೇರೆ. ಯಂತ್ರವಿಲ್ಲದ ಕಾಲದಲ್ಲಿ ಬೆಳೆದ ನಾನು ಮೊದಲು ನೋಡಬೇಕಾಗಿದ್ದು ಹುಡುಗಿಯ ತುಟಿಯನ್ನು. ನೋಡಲಿಲ್ಲ. ಹಳೆಯದು ಕೈಬಿಟ್ಟಿತ್ತು, ಹೊಸದು ಇನ್ನೂ ಕೈಗೆ ಬಂದಿರಲಿಲ್ಲ. ಮನೆಗೆ ಹೋಗುವಾಗ ಆಟೋದಲ್ಲಿ ಇದೊಂದೇ ಯೋಚನೆ. ಮತ್ತೆ ಕೆಲಸಕ್ಕೆ ಹೋಗುವವರು 'ನನಗೆ ಹಳೆಯದೆಲ್ಲ ನೆನಪಿದೆ' ಎನ್ನುತ್ತಾರೆ. ತಲೆಗೆ ನೆನಪಿರುತ್ತದೆ, ನಿಜ. ಆದರೆ ಗಾಬರಿಯಾದಾಗ ಕೆಲಸಕ್ಕೆ ಬರುವುದು ತಲೆಯಲ್ಲ.

ಮಲ್ಲಿಕಾರ್ಜುನನಿಗೆ ಸದ್ಯಕ್ಕೆ ಬರುವುದಿಲ್ಲ ಎಂದು ಹೇಳಿ, ನಸೀಮಾಳನ್ನು ಹುಡುಕಿಕೊಂಡು ಹೋದೆ. ನಸೀಮಾ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಕೋಣೆ. "ಏ ಹುಡುಗಿ, ಚಹಾ ತಗೊಂಡು ಬಾ" ಎಂದು ನಾನು ಓಡಾಡಿಸಿದವಳು. ಈಗ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದ ಮುಖ್ಯಸ್ಥೆ. ಅವಳ ಕೋಣೆಯಲ್ಲಿ ಕೂತು, ಕಲಿಯಲು ಬರುತ್ತೇನೆ ಎಂದೆ.

ಅವಳು ಎದ್ದು ಬಾಗಿಲು ಮುಚ್ಚಿ ಬಂದಳು. "ಬರ್ರಿ ಅಕ್ಕಾ. ಆದ್ರ ಓಟಿಯೊಳಗ ನಾ ನಿಮ್ಮನ್ನ ಅಕ್ಕಾ ಅನ್ನಂಗಿಲ್ಲ. ನೀವೂ ನನ್ನ ನಸೀಮಾ ಅನ್ಬ್ಯಾಡ್ರಿ."

"ಏನಂತ ಕರೀಲಿ?"

"ಮೇಡಂ ಅಂತ ಕರೀರಿ. ಹುಡುಗ್ರು ನೋಡಾಕತ್ತಿರ್ತಾರ."

ಮೊದಲ ವರ್ಷದ ವಿದ್ಯಾರ್ಥಿಗಳ ಜೊತೆ ನನ್ನನ್ನು ನಿಲ್ಲಿಸಿದಳು. ಮೊದಲ ದಿನ ಒಬ್ಬ ಹುಡುಗ, "ಆಂಟಿ, ಪೇಶಂಟ್ ಕಡೆಯವರು ಹೊರಗ ಕೂಡ್ಬೇಕ್ರಿ" ಎಂದು ನನ್ನನ್ನು ಬಾಗಿಲ ತನಕ ಬಿಟ್ಟುಬಂದ. ಔಷಧಿಗಳ ಹೆಸರೇ ಬದಲಾಗಿದ್ದವು. ನಾವು ಬಳಸುತ್ತಿದ್ದ ಗ್ಯಾಸ್ ಮೂಲೆ ಸೇರಿತ್ತು. ನಮ್ಮ ಕಾಲದಲ್ಲಿ ಸೂಜಿ ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದೆವು. ಬೆನ್ನಿಗೆ ಕೊಡುವ ಸೂಜಿ ಎಷ್ಟು ದಪ್ಪವಿತ್ತೆಂದರೆ, ಆಪರೇಷನ್ನಿಗಿಂತ ಮರುದಿನದ ತಲೆನೋವಿಗೇ ಜನ ಹೆದರುತ್ತಿದ್ದರು. ಈಗಿನ ಸೂಜಿ ಕೂದಲೆಳೆಯಂತೆ. ನನ್ನ ಕೈಗೆ ಅದು ಇರುವುದೇ ತಿಳಿಯುತ್ತಿರಲಿಲ್ಲ.

ಎರಡನೆಯ ತಿಂಗಳಲ್ಲಿ ಒಂದು ದಿನ ಒಬ್ಬ ವಿದ್ಯಾರ್ಥಿಗೆ ರೋಗಿಯ ಗಂಟಲಿಗೆ ನಳಿಕೆ ಹಾಕಲು ಆಗುತ್ತಿರಲಿಲ್ಲ. ಕತ್ತು ಗಿಡ್ಡ, ಹಲ್ಲು ಮುಂದೆ. ನಸೀಮಾ ಪಕ್ಕದಲ್ಲೇ ನಿಂತಿದ್ದಳು. ನಾನು ತಡೆಯಲಾರದೆ ಅವನನ್ನು ಸರಿಸಿ ಒಂದೇ ಸಲಕ್ಕೆ ನಳಿಕೆ ಹಾಕಿದೆ. ಹಳೆಯ ಕೈ ಮರಳಿ ಬಂದಿತ್ತು. ಸಂತೋಷದಿಂದ ಸುತ್ತ ನೋಡಿದೆ. ನಸೀಮಾಳ ಮುಖ ಬಿಗಿದಿತ್ತು. ಕೇಸ್ ಮುಗಿದ ಮೇಲೆ ಕೋಣೆಗೆ ಕರೆದಳು.

"ಅವಾ ಕಲೀಲಿ ಅಂತ ನಾ ನಿಂತಿದ್ದೆ. ನೀವ್ ಯಾಕ ಕೈ ಹಾಕಿದ್ರಿ?"

"ನನಗ ಬರ್ತದಲ್ಲ, ಅದಕ್ಕ."

"ಬರ್ತದ ಅಂತ ನನಗ ಗೊತ್ತದ. ಯಾವಾಗ ಬರಂಗಿಲ್ಲ ಅಂತ ನಿಮಗ ಗೊತ್ತಾಗ್ಬೇಕು. ಅಲ್ಲಿತನಕ ನಿಮ್ಮ ಕೈಯಾಗ ಒಂದು ಕೇಸೂ ಕೊಡಂಗಿಲ್ಲ."

ನಾನು ಓಡಾಡಿಸಿದ ಹುಡುಗಿ ನನಗೆ ಹೀಗೆ ಹೇಳಿದಳು. ಆ ದಿನ ಆಟೋ ಹಿಡಿಯದೆ ಸೂಪರ್ ಮಾರ್ಕೆಟ್ ತನಕ ನಡೆದೇ ಹೋದೆ. ಬೇಕಿಲ್ಲದ ಎರಡು ಸ್ಟೀಲ್ ಡಬ್ಬಿ ಕೊಂಡೆ. ಇನ್ನು ಹೋಗುವುದಿಲ್ಲ ಎಂದು ಮನೆಯಲ್ಲಿ ಹೇಳಿದೆ. ನಮ್ಮ ಮನೆಯವರು, "ಬಿಡು ಮತ್ತ" ಎಂದರು. ಎಷ್ಟು ಸಲೀಸಾಗಿ ಎಂದರೆ ನನಗೆ ಅವರ ಮೇಲೇ ಸಿಟ್ಟು ಬಂತು. ಮರುದಿನ ಹೋದೆ. ಹಟಕ್ಕೆ ಹೋದೆನೆಂದೇ ಹೇಳಬೇಕು, ಜ್ಞಾನೋದಯವೇನೂ ಆಗಿರಲಿಲ್ಲ.

ನಸೀಮಾ ನನಗೆ ಹತ್ತಿಸಿದ ರೂಢಿ ಒಂದೇ. ಎಷ್ಟೇ ಸಣ್ಣ ಕೇಸಿರಲಿ, ಬರೀ ಬೆನ್ನಿನ ಇಂಜೆಕ್ಷನ್ನೇ ಇರಲಿ, ಉಸಿರು ನಿಂತರೆ ಬೇಕಾಗುವ ಸಾಮಾನೆಲ್ಲ ಕೈಗೆಟಕುವಂತೆ ಜೋಡಿಸಿಟ್ಟ ಮೇಲೆಯೇ ಸೂಜಿ ಮುಟ್ಟಬೇಕು. ನಮ್ಮ ಕಾಲದಲ್ಲಿ ಅವೆಲ್ಲ ಕಪಾಟಿನಲ್ಲಿರುತ್ತಿದ್ದವು. ಅವಳು ಪ್ರತಿ ಸಲ ಬಂದು ನೋಡುತ್ತಿದ್ದಳು. ಇಲ್ಲದಿದ್ದರೆ ಮಾತಾಡದೆ ನನ್ನ ಕೈಯಿಂದ ಸೂಜಿ ಇಸಿದುಕೊಳ್ಳುತ್ತಿದ್ದಳು.

ಅಲ್ಲಿ ಕಲಿತ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಖಾಲಿ ಹೊಟ್ಟೆಯಲ್ಲಿಲ್ಲದ ರೋಗಿಗೆ ಅರಿವಳಿಕೆ ಕೊಟ್ಟರೆ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ಪ್ರಾಣವೇ ಹೋಗಬಹುದು. "ಏನಾರೆ ತಿಂದೀರಿ?" ಎಂದು ಕೇಳಿದರೆ ನಮ್ಮ ಕಡೆ ಎಲ್ಲರ ಉತ್ತರ "ಏನೂ ಇಲ್ರಿ." ಹೀಗೆ ಎಂದ ಒಬ್ಬ ಅಜ್ಜಿಗೆ ನಸೀಮಾ ಅವರ ಮನೆಮಾತು ಉರ್ದುವಿನಲ್ಲಿ, "ಸುಬೂ ಚಾಯ್ ಕಿತ್ತೇ ಬಜೇ ಪಿಯೇ ಅಮ್ಮಾ?" ಎಂದು, ಬೆಳಗಿನ ಚಹಾ ಎಷ್ಟು ಗಂಟೆಗೆ ಕುಡಿದಿರೆಂದು ಕೇಳಿದಳು. ಅಜ್ಜಿ ಸಂಕೋಚವಿಲ್ಲದೆ, ಈಗಷ್ಟೇ ಎರಡು ಪಾವ್ ಅದ್ದಿಕೊಂಡು ಕುಡಿದೆ ಎಂದಿತು. ಚಹಾ ಪಾವ್ ಆ ಅಜ್ಜಿಯ ಲೆಕ್ಕದಲ್ಲಿ ಊಟವಲ್ಲ. ಆಪರೇಷನ್ ಮರುದಿನಕ್ಕೆ ಹೋಯಿತು. ತಿಂದಿರಾ ಎಂದು ಕೇಳಬಾರದು, ಏನು ತಿಂದಿರಿ ಎಂದು ಕೇಳಬೇಕು.

ಕಲಿಕೆ ಮುಗಿದ ಮೇಲೆ ಕಲಬುರಗಿಯ ನರ್ಸಿಂಗ್ ಹೋಮ್‌ಗಳು ನನ್ನನ್ನು ಕೂಡಲೇ ಕರೆಯಲಿಲ್ಲ. ಕ್ಲಿಪ್ ಬಿದ್ದ ಕತೆ ಊರೆಲ್ಲ ಸುತ್ತಿ ಬಂದಿತ್ತು. ಕರೆದವಳು ಕವಿತಾ. ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಹೊಸದಾಗಿ ಒಂದು ಸಣ್ಣ ಹೆರಿಗೆ ಆಸ್ಪತ್ರೆ ತೆರೆದಿದ್ದ ಚಿಕ್ಕ ವಯಸ್ಸಿನ ಡಾಕ್ಟರ್. ನನ್ನ ಕತೆ ಅವಳಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದರೂ, ಬೇರೆ ಯಾರೂ ಅಷ್ಟು ದೂರ ಬರದ ಕಾರಣ ಕರೆದಿದ್ದಳು. ವಾರಕ್ಕೆ ಎರಡು ಮೂರು ಸಲ ಹುಮನಾಬಾದ್ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬರುವಾಗ ಕೆಂಪು ಬಾಳೆಹಣ್ಣು ತಂದರೆ ಮನೆಯಲ್ಲಿ ನನ್ನ ನೌಕರಿಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

ಅಲ್ಲಿಯ ಒಂದು ಕೇಸ್ ಮಾತ್ರ ಹೇಳುತ್ತೇನೆ. ಶಾಂತಾಬಾಯಿ ಎಂಬಾಕೆಗೆ ಎರಡನೆಯ ಹೆರಿಗೆ, ಸಿಜೇರಿಯನ್ ಮಾಡಬೇಕಿತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದೆ. ಎಲ್ಲ ಸರಿಯಿತ್ತು. ಅವಳು ಮೊದಲ ಮಗಳ ಶಾಲೆಯ ವಿಷಯ ಹೇಳುತ್ತಿದ್ದಳು. ಮಾತಿನ ನಡುವೆ, "ಕೈ ಜೋಮು ಹಿಡಿದಂಗ ಆಗ್ಯಾವ್ರಿ" ಎಂದಳು.

ಎದೆಯ ಮಟ್ಟಕ್ಕೆ ನಿಲ್ಲಬೇಕಾದ ಮದ್ದು ಮೇಲಕ್ಕೆ ಏರುತ್ತಿತ್ತು. ಸಾವಿರಕ್ಕೊಮ್ಮೆ ಹೀಗಾಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ.

"ನನ್ನ ಬೆರಳು ಹಿಡಿ, ಗಟ್ಟಿಯಾಗಿ ಹಿಡಿ" ಎಂದೆ.

ಅವಳ ಬೆರಳು ನನ್ನ ಕೈಯಲ್ಲಿ ಅರಿವೆಯಂತೆ ಬಿದ್ದವು. "ಉಸಿರು... ತಗೊಳ್ಳಾಕ... ಬರವಲ್ತ್ರಿ." ದನಿ ಪಿಸುಮಾತಾಯಿತು. ಆಮೇಲೆ ತುಟಿ ಮಾತ್ರ ಆಡಿತು.

"ಶುರು ಮಾಡ್ಲೇನ್ರಿ?" ಎಂದು ಕವಿತಾ ಕೇಳಿದಳು. ಅವಳಿಗೆ ಇನ್ನೂ ಏನೂ ತಿಳಿದಿರಲಿಲ್ಲ.

"ನಿಲ್ಲು. ನಾ ಹೇಳಿದ ಮ್ಯಾಲೆ."

ಮಾಸ್ಕ್, ನಳಿಕೆ, ಅದನ್ನು ಹಾಕುವ ದೀಪದ ಉಪಕರಣ, ಎಲ್ಲವೂ ನನ್ನ ಬಲಗೈ ಪಕ್ಕದಲ್ಲಿದ್ದವು. ಹುಡುಕಬೇಕಾಗಲಿಲ್ಲ. ಮಾಸ್ಕ್ ಒತ್ತಿ ಉಸಿರು ಕೊಡತೊಡಗಿದೆ. ಇಂಥ ಹೊತ್ತಿನಲ್ಲಿ ರೋಗಿಗೆ ಕೈಕಾಲು, ಎದೆ ಏನೂ ಆಡುವುದಿಲ್ಲ, ಆದರೆ ಕಿವಿ ಕೇಳುತ್ತಿರುತ್ತದೆ. ಅವಳ ಕಣ್ಣು ನನ್ನ ಮೇಲೇ ಇದ್ದವು. ಬಗ್ಗಿ ಕಿವಿಯ ಹತ್ತಿರ ಹೇಳಿದೆ: "ತಂಗೀ, ನನ್ನ ಮಾತು ನಿನಗ ಕೇಳಸ್ತದ, ನನಗ ಗೊತ್ತದ. ನಿನ್ನ ಉಸಿರು ನಾ ಹಾಕಾಕತ್ತೀನಿ. ಅಂಜಬ್ಯಾಡ. ಈಗ ನಿದ್ದಿ ಹತ್ತತದ. ಎದ್ದ ಮ್ಯಾಲೆ ಕೂಸು ನೋಡೀಯಂತ."

ರಕ್ತದೊತ್ತಡ ಏರಿಸುವ ಮದ್ದು ಕೊಟ್ಟೆ. ಸ್ವಲ್ಪವೇ ನಿದ್ದೆಯ ಮದ್ದು ಕೊಟ್ಟು ನಳಿಕೆ ಹಾಕಿದೆ. ಎದೆ ಏರಿಳಿಯಿತು. "ಈಗ ತೆಗಿ, ಬೇಗ" ಎಂದೆ. ಕವಿತಾ ಕೂಸನ್ನು ತೆಗೆದಳು. ಗಂಡು ಮಗು, ತೆಗೆದ ತಕ್ಷಣ ಅಳಲಿಲ್ಲ. ನರ್ಸ್ ಅಂಗಾಲು ತಟ್ಟಿ ಬೆನ್ನು ಉಜ್ಜಿದ ಮೇಲೆ ಅತ್ತಿತು. ಮದ್ದು ಇಳಿದು ಶಾಂತಾಬಾಯಿ ತಾನೇ ಉಸಿರಾಡುವ ತನಕ ನಾನು ಅವಳ ತಲೆಯ ಹತ್ತಿರದಿಂದ ಏಳಲಿಲ್ಲ.

ಮೂರನೆಯ ದಿನ ಹೋದಾಗ ಅವಳು ಕೂಸಿಗೆ ಹಾಲು ಕೊಡುತ್ತಿದ್ದಳು.

"ನಿಮ್ಮ ಮಾತು ಎಲ್ಲಾ ಕೇಳಸ್ತಿತ್ರಿ" ಎಂದಳು. "ಅಂಜಬ್ಯಾಡ ಅಂದ್ರಿ."

"ಹೌದು, ಅಂದೆ."

"ಆದ್ರ ನಿಮ್ಮ ದನಿ ಭಾಳ ಅಂಜಿತ್ರಿ ಡಾಕ್ಟರ್‌ಬಾಯಿ."

ನಾನು ಕೂಸಿನ ಕಾಲು ಮುಟ್ಟಿ ಬಂದೆ. ಆ ವಾರ ಕವಿತಾ ಕಲಬುರಗಿಯಲ್ಲಿ ಯಾರಿಗೆ ಏನು ಹೇಳಿದಳೋ, ಮಲ್ಲಿಕಾರ್ಜುನ ಫೋನ್ ಮಾಡಿದ. ಆಮೇಲೆ ನನಗೆ ಬಿಡುವಾಗಲಿಲ್ಲ.

ಬಡ್ತಿ, ಹುದ್ದೆಗಳ ಕತೆ ಬಿಡುತ್ತೇನೆ. ಕೆಲಸದ ಕೊನೆಯ ವರ್ಷಗಳಲ್ಲಿ ನಾನೇ ಒಂದು ಖಾಸಗಿ ಆಸ್ಪತ್ರೆಯ ಅರಿವಳಿಕೆ ವಿಭಾಗ ನೋಡಿಕೊಳ್ಳುತ್ತಿದ್ದೆ. ಆಗ ಅಶ್ವಿನಿ ಬಂದಳು. ಅವಳಿ ಮಕ್ಕಳು, ಗಂಡನಿಗೆ ಮೇಲಿಂದ ಮೇಲೆ ವರ್ಗಾವಣೆ. ಒಂಬತ್ತು ವರ್ಷ ಕೆಲಸ ಬಿಟ್ಟಿದ್ದಳು. ಓದಿನಲ್ಲಿ ನನಗಿಂತ ಎಷ್ಟೋ ಜಾಣೆ. ಎರಡು ತಿಂಗಳಲ್ಲಿ ಹೊಸ ಯಂತ್ರಗಳನ್ನೆಲ್ಲ ಅರೆದು ಕುಡಿದಳು. ಇನ್ನು ಇವಳನ್ನು ಒಬ್ಬಳನ್ನೇ ಬಿಡಬಹುದು ಎಂದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ವಯಸ್ಸಾದವರೊಬ್ಬರ ಹರ್ನಿಯಾ ಆಪರೇಷನ್. ಅಶ್ವಿನಿ ನಿದ್ದೆಯ ಮದ್ದು ಕೊಟ್ಟಳು, ನಳಿಕೆ ಹಾಕಲು ಹೋದಳು, ಆಗಲಿಲ್ಲ. ಮತ್ತೆ ಪ್ರಯತ್ನಿಸಿದಳು. ಆಮೇಲೆ ಅವಳ ಕೈ ಸುಮ್ಮನೆ ನಿಂತುಬಿಟ್ಟಿತು. ಬಾಯಿಂದ ಒಂದು ಮಾತಿಲ್ಲ. ನಾನು ಇನ್ನೊಂದು ಟೇಬಲ್ಲಿನ ಕಡೆ ತಿರುಗಿದ್ದೆ. ಮಾನಿಟರಿನ ದನಿ ಬದಲಾದದ್ದು ಕಿವಿಗೆ ಬಿದ್ದು ತಿರುಗಿ ನೋಡಿದೆ. ಓಡಿಹೋಗಿ ಮಾಸ್ಕ್ ಹಾಕಿ ಉಸಿರು ಕೊಟ್ಟೆ. ಅಂಕಿ ಮೇಲೇರಿದ ಮೇಲೆ ನಳಿಕೆ ಹಾಕಿದೆ. ಅಜ್ಜನಿಗೆ ಏನೂ ಆಗಲಿಲ್ಲ. ಅಶ್ವಿನಿ ಗ್ಲೌಸ್ ಬಿಚ್ಚಿ ಹೊರಗೆ ಹೋದವಳು ಮರುದಿನ ಬರಲಿಲ್ಲ. ಫೋನ್ ಎತ್ತಲಿಲ್ಲ.

ವಾರದ ಮೇಲೆ ಅವಳ ಮನೆಗೆ ಹೋದೆ. ಅತ್ತೆ ಬಾಗಿಲು ತೆಗೆದರು. ಇವರೇ ಬೇಡವೆಂದಿರಬೇಕು ಎಂದು ದಾರಿಯುದ್ದಕ್ಕೂ ತರ್ಕ ಮಾಡಿಕೊಂಡು ಬಂದಿದ್ದೆ.

"ಬರ್ರಿ, ನೀವಾರೆ ಹೇಳ್ರಿ ಆಕೀಗಿ" ಎಂದರು ಅವರು. "ಹುಡುಗ್ರನ್ನ ನಾ ನೋಡ್ಕೋತೀನಿ, ನೀ ಹೋಗು ಅಂದ್ರ ಒಲ್ಲೆ ಅಂತಾಳ. ಇಷ್ಟು ಓದಿ ಮನ್ಯಾಗ ಕುಂತ್ರ ನನಗ ಸಂಕಟ ಆಗ್ತದ್ರಿ."

ಅಶ್ವಿನಿ ಒಳಗಿಂದ ಬಂದು ಕೂತಳು. ಸಮಾಧಾನದ ಮಾತು ನನಗೆ ಬರುವುದಿಲ್ಲ. ನೇರವಾಗಿ ಹೇಳಿದೆ: "ಕೈ ನಿಂತದ್ದು ತಪ್ಪಲ್ಲ. ಎಲ್ಲಾರದೂ ನಿಲ್ತದ. ಬಾಯಿ ನಿಂತದ್ದು ತಪ್ಪು. 'ನನಗ ಆಗವಲ್ತು, ಬರ್ರಿ' ಅಂತ ಒಂದು ಮಾತು ಅನಬೇಕಿತ್ತು."

"ಬ್ಯಾರೇ ಡಾಕ್ಟ್ರು ಆಗವಲ್ತು ಅಂದ್ರ ಕೇಸ್ ಕಠಿಣ ಅದ ಅಂತಾರ ಮೇಡಂ. ನಾ ಅಂದ್ರ, ಒಂಬತ್ತು ವರ್ಷ ಮನ್ಯಾಗಿದ್ದು ಬಂದಾಳಲ್ಲ, ಮತ್ತೇನಾಗ್ತದ ಅಂತಾರ. ಆ ಹೊತ್ತಿನ್ಯಾಗ ನನ್ನ ತಲಿಯೊಳಗ ಇದ್ದಿದ್ದು ಅದೇ. ಆ ಅಜ್ಜ ಇರಲೇ ಇಲ್ಲ."

ಅವಳು ಹೇಳಿದ್ದು ನಿಜ. ಚಹಾ ಕುಡಿದು ಬಂದೆ.

ಬರುವಾಗ ಯೋಚಿಸಿದೆ. ಜನರ ಬಾಯಿ ನನ್ನಿಂದ ಮುಚ್ಚಿಸಲಾಗದು. ನನ್ನ ಬಾಯಿ ತೆರೆಯುವುದು ನನ್ನ ಕೈಯಲ್ಲಿತ್ತು. ಮರುದಿನದಿಂದ ಓಟಿಯಲ್ಲಿ ನರ ಸಿಗದಿದ್ದರೆ, ನಳಿಕೆ ಹೋಗದಿದ್ದರೆ, ಎಲ್ಲರ ಎದುರಿಗೆ ಗಟ್ಟಿಯಾಗಿ, "ನನಗ ಆಗವಲ್ತು, ನೀ ನೋಡು ಬಾ" ಎಂದು ಚಿಕ್ಕವರನ್ನು ಕರೆಯತೊಡಗಿದೆ. ಮೊದಮೊದಲು ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಮ್ಮಿಗೆ ವಯಸ್ಸಾಯಿತು ಎಂದು ಒಬ್ಬ ಸರ್ಜನ್ ಆಡಿಕೊಂಡದ್ದೂ ಕಿವಿಗೆ ಬಿತ್ತು. ಬೀಳಲಿ ಎಂದು ಬಿಟ್ಟೆ. ಕೆಲವು ತಿಂಗಳಲ್ಲಿ ಆ ಮಾತು ನಮ್ಮ ಓಟಿಯಲ್ಲಿ ಕತ್ತರಿ, ಹತ್ತಿ ಕೇಳುವಷ್ಟು ಸಾಮಾನ್ಯವಾಯಿತು.

ಅಷ್ಟರಲ್ಲಿ ಅಶ್ವಿನಿ ತಾನಾಗಿಯೇ ಬಂದಳು. ಯಾಕೆ ಬಂದಳೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಬಂದ ಮೊದಲ ವಾರದಲ್ಲೇ ಪಕ್ಕದ ಟೇಬಲ್ಲಿನಿಂದ ಅವಳ ದನಿ ಕೇಳಿಸಿತು: "ಆಗವಲ್ತು, ಯಾರಾರೆ ಬರ್ರಿ." ಒಬ್ಬ ಹುಡುಗ ಹೋದ. ಯಾರೂ ತಲೆ ಎತ್ತಿ ನೋಡಲಿಲ್ಲ.

ನಿವೃತ್ತಿಯಾದ ಮರುವರ್ಷ ನನಗೇ ಆಪರೇಷನ್ ಆಗಬೇಕಾಯಿತು. ಪಿತ್ತಕೋಶದಲ್ಲಿ ಕಲ್ಲು. ಅರಿವಳಿಕೆಗೆ ಯಾರನ್ನು ಕರೆಸಲಿ ಎಂದು ಸರ್ಜನ್ ಕೇಳಿದರು. ಹೈದರಾಬಾದಿನಲ್ಲಿ ಕಲಿತು ಬಂದ ಒಬ್ಬ ಹಿರಿಯರ ಹೆಸರು ಹೇಳಿದರು. ನಾನು ಅಶ್ವಿನಿ ಎಂದೆ. ನಮ್ಮ ಮನೆಯವರಿಗೆ ಅಜ್ಜನ ಕತೆ ಗೊತ್ತಿತ್ತು. "ವಿಚಾರ ಮಾಡಿ ಹೇಳಾಕತ್ತೀಯೇನು?" ಎಂದರು. ವಿಚಾರ ಮಾಡಿದ್ದೆ. ನನಗೆ ಸ್ವಲ್ಪವೂ ಹೆದರಿಕೆ ಇರಲಿಲ್ಲವೆಂದಲ್ಲ.

ಅಶ್ವಿನಿ ಫೋನಿನಲ್ಲಿ, "ನಿಮಗ ನಾ ಕೊಡಂಗಿಲ್ಲ ಮೇಡಂ. ಬ್ಯಾರೇ ಯಾರನ್ನಾರೆ ಕರೀರಿ" ಎಂದಳು.

"ನಿನ್ನ ಕೇಳಾಕ ಫೋನ್ ಮಾಡಿಲ್ಲ. ಮುಂಜಾನೆ ಲಗೂ ಬಾ, ನನಗ ಕಾಯೂದು ಆಗಿ ಬರಂಗಿಲ್ಲ" ಎಂದು ಇಟ್ಟೆ.

ಬೆಳಿಗ್ಗೆ ಟೇಬಲ್ಲಿನ ಮೇಲೆ ಮಲಗಿದೆ. ಮೇಲಿನ ದೀಪ ನಾನು ತಿಳಿದದ್ದಕ್ಕಿಂತ ಬಹಳ ದೊಡ್ಡದಿತ್ತು. ಅಶ್ವಿನಿ ತಲೆಯ ಹಿಂದೆ ಬಂದು ನಿಂತು ಬಗ್ಗಿದಳು. ಅವಳ ಮುಖ ನನಗೆ ತಲೆಕೆಳಗಾಗಿ ಕಂಡಿತು. ಹಣೆ ಕೆಳಗೆ, ಮಾಸ್ಕ್ ಮೇಲೆ. ಇಷ್ಟು ವರ್ಷ ರೋಗಿಗಳಿಗೆಲ್ಲ ನನ್ನ ಮುಖ ಹೀಗೆ ಕಂಡಿತ್ತು ಎಂದು ನನಗೆ ಹೊಳೆದದ್ದು ಆಗಲೇ. ಅದನ್ನು ಅವಳಿಗೆ ಹೇಳಬೇಕೆಂದುಕೊಂಡೆ.

"ಮಾತಾಡಬ್ಯಾಡ್ರಿ ಮೇಡಂ. ಜೋರಾಗಿ ಉಸಿರು ತಗೋರಿ" ಎಂದಳು.

ತೆಗೆದುಕೊಂಡೆ.

ಕಣ್ಣು ಬಿಟ್ಟಾಗ ಬೇರೆ ಕೋಣೆಯಲ್ಲಿದ್ದೆ. ಮಗ ಕೈ ಹಿಡಿದು ಕೂತಿದ್ದ. ಗಂಟಲು ಕೆರೆಯುತ್ತಿತ್ತು. ಅಶ್ವಿನಿ ಎಲ್ಲಿ ಎಂದು ನರ್ಸನ್ನು ಕೇಳಿದೆ.

"ನೀವು ಚಲೋತ್ನಂಗ ಎಚ್ಚರ ಆಗೂತನಕ ಇಲ್ಲೇ ಇದ್ರು. ಈಗಷ್ಟೇ ಮುಂದಿನ ಕೇಸಿಗೆ ಹೋದ್ರಿ" ಎಂದಳು.

ನಾನು ಮತ್ತೆ ಕಣ್ಣು ಮುಚ್ಚಿದೆ. ಆಗ ಬಂದದ್ದು ನನ್ನದೇ ನಿದ್ದೆ.